ಕೋಡ್ ಬರೆಯುವ ಆಸೆಯೇ ಬತ್ತಿದೆ: ಪುಟ್ಟ ಪ್ರೋಗ್ರಾಮ್‌ಗಳಿಂದ ಮತ್ತೆ ಶುರು ಮಾಡಿದವರು ಇದ್ದೀರಾ?

ಬಸವಳಿದ_ಕೀಲಿಮಣೆ (ಚರ್ಚೆ ಆರಂಭಿಸಿದವರು)

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಹುದ್ದೆಯ ಹೆಸರು ಡೆವಲಪರ್. ಆದರೆ ದಿನದ ಬಹುಪಾಲು ಹೋಗುವುದು ಟಿಕೆಟ್ (ದಾಖಲಾದ ದೂರು, ಕೋರಿಕೆ) ಮುಚ್ಚುವುದರಲ್ಲಿ, ಇನ್ನೊಂದು ತಂಡದ ಒಪ್ಪಿಗೆಗೆ ಕಾಯುವುದರಲ್ಲಿ, ಯಾರೋ ಬರೆದಿಟ್ಟು ಹೋದ ಕಡತದ ಒಂದು ಸಾಲನ್ನು ಬದಲಿಸಿ ಅದರಿಂದ ಬೇರೆಲ್ಲಿ ಏನು ಮುರಿಯಿತು ಎಂದು ಹುಡುಕುವುದರಲ್ಲಿ. ನಾನೇ ಯೋಚಿಸಿ ಬರೆದೆ ಎನ್ನಬಹುದಾದ ಕೋಡ್ ತಿಂಗಳುಗಟ್ಟಲೆ ಇರುವುದಿಲ್ಲ.

ಕಾಲೇಜಿನಲ್ಲಿ ಹೀಗಿರಲಿಲ್ಲ. ಟರ್ಬೋ ಸಿಯ ನೀಲಿ ಪರದೆಯಲ್ಲಿ ನಕ್ಷತ್ರ ಚಿಹ್ನೆಗಳ ತ್ರಿಕೋನ ನೆಟ್ಟಗೆ ಮೂಡಿದರೆ ಸಾಕು, ಪಕ್ಕದ ಕುರ್ಚಿಯವರನ್ನು ಕರೆದು ತೋರಿಸುತ್ತಿದ್ದೆವು. ಈಗ ಶನಿವಾರ ಲ್ಯಾಪ್‌ಟಾಪ್ ತೆರೆಯಲು ಕೈ ಹಿಂದೇಟು ಹಾಕುತ್ತದೆ. ಸ್ವಂತದ್ದೇನಾದರೂ ಮಾಡೋಣ ಎಂದು ಹೊರಟರೆ ಯಾವ ಫ್ರೇಮ್‌ವರ್ಕ್, ಯಾವ ಡೇಟಾಬೇಸ್, ಲಾಗಿನ್ ಬೇಕೇ ಬೇಡವೇ ಎಂಬ ಜಿಜ್ಞಾಸೆಯಲ್ಲೇ ಸಂಜೆಯಾಗುತ್ತದೆ. ಮನೆಯಲ್ಲೂ ಕಚೇರಿಯೇ.

ಆರಂಭಿಕರ ಮಟ್ಟದ ಚಿಕ್ಕ ಪ್ರೋಗ್ರಾಮ್‌ಗಳಿಗೆ ಮರಳಿ ಹೋಗಿ ಆಸಕ್ತಿ ವಾಪಸು ಪಡೆದವರು ಯಾರಾದರೂ ಇದ್ದರೆ, ಏನನ್ನು ಬರೆದಿರಿ ಎಂದು ತಿಳಿಸಿ. ಮಾಡಬೇಕಾದ ಕೆಲಸಗಳ ಪಟ್ಟಿ, ಕ್ಯಾಲ್ಕುಲೇಟರ್, ಹವಾಮಾನದ ಆ್ಯಪ್ ಈ ಮೂರನ್ನು ದಯವಿಟ್ಟು ಬಿಡಿ. ಅವುಗಳ ಹೆಸರು ಕೇಳಿದರೇ ಆಕಳಿಕೆ ಬರುತ್ತದೆ.

ಹಳೇ_ಟರ್ಬೋ

ಕಪ್ರೇಕರ್ ಸ್ಥಿರಾಂಕದಿಂದ ಶುರು ಮಾಡಿ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ಡಿ. ಆರ್. ಕಪ್ರೇಕರ್ 1949ರಲ್ಲಿ ಕಂಡುಕೊಂಡದ್ದು. ನಾಲ್ಕಂಕಿಯ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ. ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೇ. ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿ, ಏರಿಕೆಯಲ್ಲಿ ಜೋಡಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದ ಉತ್ತರಕ್ಕೂ ಅದನ್ನೇ ಮಾಡಿ. ಹೆಚ್ಚೆಂದರೆ ಏಳು ಸುತ್ತಿನೊಳಗೆ 6174 ಬಂದು ನಿಲ್ಲುತ್ತದೆ. 3524ನ್ನು ನೋಡಿ: 5432ರಿಂದ 2345 ಕಳೆದರೆ 3087, 8730ರಿಂದ 0378 ಕಳೆದರೆ 8352, 8532ರಿಂದ 2358 ಕಳೆದರೆ 6174.

ಹತ್ತು ಹದಿನೈದು ಸಾಲಿನ ಕೋಡ್. ಆದರೆ ಅದರೊಳಗೊಂದು ಕಚಗುಳಿ ಇದೆ. 1000ವನ್ನು ಕೊಟ್ಟರೆ ಮೊದಲ ಸುತ್ತಿನಲ್ಲಿ 999 ಬರುತ್ತದೆ. ಅದನ್ನು ಹಾಗೆಯೇ ಮುಂದಕ್ಕೆ ಕಳುಹಿಸಿದರೆ 999ರಿಂದ 999 ಕಳೆದು ಸೊನ್ನೆ. ಪ್ರಮೇಯವೇ ಸುಳ್ಳಾಯಿತೇ ಎಂದು ಒಂದು ಕ್ಷಣ ಅನಿಸುತ್ತದೆ! ಅದನ್ನು 0999 ಎಂದು ನಾಲ್ಕಂಕಿಯಾಗಿಯೇ ಉಳಿಸಿಕೊಂಡರೆ ಐದನೇ ಸುತ್ತಿಗೆ 6174 ಸಿಗುತ್ತದೆ. ಸಾಧ್ಯವಿರುವ ಎಲ್ಲ ಸಂಖ್ಯೆಗಳನ್ನೂ ಓಡಿಸಿ, ಯಾವುದಕ್ಕೆ ಎಷ್ಟು ಸುತ್ತು ಬೇಕು ಎಂದು ಎಣಿಸಿ. ಮೂರಂಕಿಗೆ 495 ಇದೆ. ಐದಂಕಿಗೆ ಏನಾಗುತ್ತದೆ ಎನ್ನುವುದನ್ನು ನಾನು ಹೇಳುವುದಿಲ್ಲ.

ಒಗ್ಗರಣೆ_ಬೇಡ

ಬೇಸರ ಮಾಡಿಕೊಳ್ಳಬೇಡಿ, ಒಂದು ಮಾತು ಕೇಳಲೇಬೇಕು. ಮೇಲೆ ಹೇಳಿದ್ದನ್ನು ಯಾವ ಎಐ ಚಾಟ್‌ಬಾಟ್‌ಗೆ ಕೊಟ್ಟರೂ ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ, 0999ರ ಉಪದೇಶವನ್ನೂ ಸೇರಿಸಿ. ಕಚೇರಿಯಲ್ಲಿ ನಮ್ಮ ಅರ್ಧ ಕೋಡನ್ನು ಈಗ ಅದೇ ಬರೆಯುತ್ತಿದೆ, ನಾವು ಪರಿಶೀಲಕರಾಗಿದ್ದೇವೆ. ನನ್ನ ಆಸಕ್ತಿ ಬತ್ತಿದ್ದು ಅಲ್ಲಿಯೇ. ಇಷ್ಟೆಲ್ಲ ಆದ ಮೇಲೆ ಕೂತು ತ್ರಿಕೋನ ಬಿಡಿಸುವುದು ನಮಗೆ ನಾವೇ ಹೇಳಿಕೊಳ್ಳುವ ಸಮಾಧಾನವಲ್ಲವೇ?

ಹಳೇ_ಟರ್ಬೋ

ಪತ್ರಿಕೆಯ ಸುಡೊಕುವಿಗೆ ಉತ್ತರ ಮರುದಿನದ ಸಂಚಿಕೆಯಲ್ಲಿ ಬಂದೇ ಬರುತ್ತದೆ. ಆದರೂ ಜನ ಪೆನ್ಸಿಲ್ ಹಿಡಿದು ಕೂರುತ್ತಾರೆ.

ಲಘುಗುರು

@ಒಗ್ಗರಣೆ_ಬೇಡ, ನಿಮ್ಮ ಪ್ರಶ್ನೆ ಸರಿಯಾದದ್ದೇ. ಸುಡೊಕು ಉತ್ತರದಿಂದ ನನಗೆ ಪೂರ್ತಿ ಸಮಾಧಾನವಿಲ್ಲ. ನನ್ನ ಅನುಭವದಲ್ಲಿ ಎಲ್ಲ ಚಿಕ್ಕ ಪ್ರೋಗ್ರಾಮ್‌ಗಳೂ ಆಸಕ್ತಿಯನ್ನು ವಾಪಸು ತರುವುದಿಲ್ಲ. ತರುವುದು ಎಂಥವು ಎಂದರೆ, ಪಠ್ಯದಲ್ಲಿರುವ ಸಿದ್ಧ ಉತ್ತರ ತಪ್ಪಾಗುವಂಥವು, ಮತ್ತು ಅದು ತಪ್ಪು ಎಂದು ನಮ್ಮ ಕಣ್ಣಿಗೆ ಒಡನೆ ಕಾಣುವಂಥವು. ಆಗ ಬೇರೆಯವರ ಪರೀಕ್ಷೆ ಬೇಕಿಲ್ಲ, ಗ್ರಾಹಕರ ಒಪ್ಪಿಗೆ ಬೇಕಿಲ್ಲ. ಸರಿ ತಪ್ಪು ಹೇಳುವ ಅಧಿಕಾರ ನಮ್ಮ ಕೈಯಲ್ಲೇ ಇರುತ್ತದೆ. ಕನ್ನಡಿಗರಿಗೆ ಅಂಥ ಜಾಗ ಕೈಯಳತೆಯಲ್ಲೇ ಇದೆ: ಕನ್ನಡ ಲಿಪಿ.

ಪ್ರೋಗ್ರಾಮಿಂಗ್ ಕಲಿಯುವ ಪ್ರತಿಯೊಬ್ಬರೂ ಮೊದಲ ವಾರಗಳಲ್ಲಿ ಬರೆಯುವ ಅಭ್ಯಾಸ ಒಂದಿದೆ: ಕೊಟ್ಟ ಪದ ಹಿಂದುಮುಂದಾಗಿ ಓದಿದರೂ ಒಂದೇ ಆಗಿದೆಯೇ ಎಂದು ಪತ್ತೆ ಮಾಡುವುದು. ಪೈಥಾನ್ ಭಾಷೆಯಲ್ಲಿ ಪದವನ್ನು ತಿರುಗಿಸಿ ಹೋಲಿಸಿದರೆ ಮುಗಿಯಿತು, ಒಂದೇ ಸಾಲು. ಅದಕ್ಕೆ "ಗದಗ" ಕೊಡಿ, ಹೌದು ಎನ್ನುತ್ತದೆ. "ಕನಕ", "ನಯನ" ಎಲ್ಲಕ್ಕೂ ಹೌದು. ಈಗ "ವಿಕಟಕವಿ" ಕೊಡಿ. ಕನ್ನಡದಲ್ಲಿ ಇಂಥ ಪದ ಯಾವುದು ಎಂದರೆ ಮಕ್ಕಳೂ ಮೊದಲು ಹೇಳುವುದು ಅದನ್ನೇ. ಪ್ರೋಗ್ರಾಮ್ ಅಲ್ಲ ಎನ್ನುತ್ತದೆ. "ಸಮಾಸ"ಕ್ಕೂ ಅಲ್ಲ. "ನವಜೀವನ"ಕ್ಕೂ ಅಲ್ಲ.

ಕಾರಣ ಸರಳ. ನಾವು "ವಿ"ಯನ್ನು ಒಂದು ಅಕ್ಷರ ಎಂದು ಓದುತ್ತೇವೆ. ಯೂನಿಕೋಡ್, ಅಂದರೆ ಕಂಪ್ಯೂಟರಿನಲ್ಲಿ ಲಿಪಿಗಳಿಗೆ ಸಂಕೇತಸಂಖ್ಯೆ ಕೊಡುವ ಪಟ್ಟಿ, ಅದನ್ನು ಎರಡು ಸಂಕೇತಗಳಾಗಿ ಇಡುತ್ತದೆ: "ವ" ಒಂದು, ಗುಡಿಸಿನ ಚಿಹ್ನೆ ಒಂದು. ಹಾಗಾಗಿ "ವಿಕಟಕವಿ" ನಮಗೆ ಐದು ಅಕ್ಷರ, ಯಂತ್ರಕ್ಕೆ ಏಳು. ತಿರುಗಿಸಿದಾಗ ಗುಡಿಸಿನ ಚಿಹ್ನೆ ಯಾವ ವ್ಯಂಜನಕ್ಕೂ ಅಂಟದೆ ಮೊದಲಲ್ಲೇ ಅನಾಥವಾಗಿ ನಿಲ್ಲುತ್ತದೆ. "ಕರ್ನಾಟಕ"ವನ್ನು ತಿರುಗಿಸಿದರೆ "ಕಟಾನ್ರಕ" ಆಗುತ್ತದೆ. ಆಗಬೇಕಾದದ್ದು "ಕಟರ್ನಾಕ".

ಸಿದ್ಧ ಲೈಬ್ರರಿ (ಬೇರೆಯವರು ಬರೆದಿಟ್ಟ ಕೋಡ್) ಹುಡುಕಬೇಡಿ. ಕೆಲವು ಆವೃತ್ತಿಗಳು ಒತ್ತಕ್ಷರವನ್ನು ನಡುವೆಯೇ ಕತ್ತರಿಸುತ್ತವೆ, ಆ ತಲೆನೋವು ಈಗ ಬೇಡ. ಅಕ್ಷರ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬ ನಿಯಮವನ್ನು ನೀವೇ ಯೋಚಿಸಿ ಬರೆಯಿರಿ. ಒಂದನೇ ತರಗತಿಯ ಕಾಗುಣಿತ ಗೊತ್ತಿದ್ದರೆ ಸಾಕು.

ಸಂದುಚುಕ್ಕಿ

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಬರೆಯುತ್ತಿದ್ದೇನೆ. ವಾಹನಗಳ ಒಳಗಿನ ಸಾಫ್ಟ್‌ವೇರ್ ನನ್ನ ವೃತ್ತಿ. ಒಂದು ಸಾಲು ಬದಲಿಸಿದರೆ ಅದಕ್ಕೆ ಸಂಬಂಧಪಟ್ಟ ದಾಖಲೆ ಹತ್ತು ಪುಟ. ತಪ್ಪೆಂದು ಹೇಳುತ್ತಿಲ್ಲ, ಬ್ರೇಕಿನ ಕೋಡ್ ಹಾಗೆಯೇ ಇರಬೇಕು. ಆದರೆ ಅದರಿಂದ ಕೈಗೆ ಖುಷಿ ಸಿಗುವುದಿಲ್ಲ.

ನನಗೆ ಸಿಕ್ಕಿದ್ದು ರಂಗೋಲಿಯಲ್ಲಿ. ಪೈಥಾನ್ ಜೊತೆಗೇ ಟರ್ಟಲ್ ಎಂಬ ಮಾಡ್ಯೂಲ್ ಬರುತ್ತದೆ, ಬೇರೇನನ್ನೂ ಅಳವಡಿಸಬೇಕಿಲ್ಲ. ಪರದೆಯ ಮೇಲೊಂದು ಆಮೆ. ಮುಂದೆ ಹೋಗು, ಇಷ್ಟು ಕೋನ ತಿರುಗು ಎಂದರೆ ಗೆರೆ ಎಳೆಯುತ್ತಾ ಹೋಗುತ್ತದೆ. ಇದರ ಮೂಲ 1967ರಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೋಮನ್, ವಾಲಿ ಫೋಯರ್‌ಜೈಗ್ ಮಕ್ಕಳಿಗಾಗಿ ರೂಪಿಸಿದ ಲೋಗೋ ಭಾಷೆ.

ನಮ್ಮ ಮನೆಯಲ್ಲಿ ಚುಕ್ಕಿ ರಂಗೋಲಿಯನ್ನು ಹೇಳುವ ಕ್ರಮವೇ ಒಂದು ಪ್ರೋಗ್ರಾಮ್. "ಏಳರಿಂದ ನಾಲ್ಕು, ಸಂದುಚುಕ್ಕಿ" ಎಂದರೆ ನಡುವಿನ ಸಾಲಿನಲ್ಲಿ ಏಳು ಚುಕ್ಕಿ, ಮೇಲಕ್ಕೂ ಕೆಳಕ್ಕೂ ಒಂದೊಂದೇ ಕಡಿಮೆಯಾಗುತ್ತಾ ನಾಲ್ಕಕ್ಕೆ ನಿಲ್ಲಬೇಕು, ಪ್ರತಿ ಸಾಲಿನ ಚುಕ್ಕಿ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿನಲ್ಲಿ ಬರಬೇಕು. ಒಟ್ಟು 37 ಚುಕ್ಕಿ. "ಏಳರಿಂದ ಒಂದು, ನೇರಚುಕ್ಕಿ" ಎಂದರೆ ಎರಡೆರಡು ಕಡಿಮೆ: 1, 3, 5, 7, 5, 3, 1, ಒಟ್ಟು 25. ಸಂದುಚುಕ್ಕಿಗೆ ಸಾಲುಗಳ ನಡುವಿನ ಅಂತರವನ್ನು ಚುಕ್ಕಿಗಳ ಅಂತರಕ್ಕೆ ಸಮ ಮಾಡಿದರೆ ರಂಗೋಲಿ ಲಂಬವಾಗಿ ಹಿಗ್ಗಿದಂತೆ ಕಾಣುತ್ತದೆ. ಅದನ್ನು 0.866ರಿಂದ ಗುಣಿಸಬೇಕು, ಏಕೆಂದರೆ ಪಕ್ಕಪಕ್ಕದ ಮೂರು ಚುಕ್ಕಿ ಸೇರಿದರೆ ಸಮಬಾಹು ತ್ರಿಕೋನ. ನೆಲದ ಮೇಲೆ ಹಿಟ್ಟು ಬಿಡುವಾಗ ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಕಣ್ಣಂದಾಜಿನಲ್ಲೇ ಬಂದುಬಿಡುತ್ತದೆ. ಸೈನ್, ಕೊಸೈನ್ ಓದಿದ ನನಗೆ ಪರದೆಯ ಮೇಲೆ ತರಲು ಕಾಗದ ಪೆನ್ನು ಬೇಕಾಯಿತು. ಚುಕ್ಕಿ ಇಡುವುದು ಒಂದು ಸಂಜೆಯ ಕೆಲಸ. ಚುಕ್ಕಿಗಳನ್ನು ಸುತ್ತಿ ಬರುವ ಎಳೆಯನ್ನು ಕೈ ಎತ್ತದೆ ಎಳೆಯುವುದು ಬೇರೆಯೇ ಮಟ್ಟದ ಸಮಸ್ಯೆ. ನಾನಿನ್ನೂ ಅಲ್ಲೇ ಇದ್ದೇನೆ.

ಅರ್ಧವಿರಾಮ

ಎಲ್ಲರೂ ಔಷಧಿಯನ್ನೇ ಹೇಳುತ್ತಿದ್ದೀರಿ, ಕಾಯಿಲೆ ಏನೆಂದು ಯಾರೂ ಕೇಳಲಿಲ್ಲ. ಚರ್ಚೆ ಆರಂಭಿಸಿದವರಿಗೆ ನಿದ್ದೆ ಸರಿಯಾಗಿ ಬರುತ್ತಿದೆಯೇ? ಕೋಡ್ ಮಾತ್ರ ಬೇಡವಾಗಿದೆಯೋ, ಪುಸ್ತಕ, ಸಂಗೀತ, ಸ್ನೇಹಿತರು ಎಲ್ಲವೂ ಬೇಡವಾಗಿದೆಯೋ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂಬುದನ್ನು ತನ್ನ ಹನ್ನೊಂದನೇ ರೋಗ ವರ್ಗೀಕರಣದಲ್ಲಿ ವಿವರಿಸಿತು. ಅದನ್ನು ರೋಗವೆಂದು ಹೇಳಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಮೂಲ ಇರುವುದು ಕೆಲಸದಲ್ಲಿ. ಶನಿವಾರ ವಿಕಟಕವಿ ಬರೆದರೆ ಸೋಮವಾರದ ಟಿಕೆಟ್ ಕಡಿಮೆಯಾಗುವುದಿಲ್ಲ. ರಜೆ ಬಾಕಿ ಇದ್ದರೆ ಮೊದಲು ಅದನ್ನು ತೆಗೆದುಕೊಳ್ಳಿ. ಎಲ್ಲವೂ ಬೇಡವಾಗಿದ್ದರೆ ವೈದ್ಯರನ್ನು ಕಾಣಿ.

ಬಸವಳಿದ_ಕೀಲಿಮಣೆ

@ಅರ್ಧವಿರಾಮ, ಕೇಳಿದ್ದಕ್ಕೆ ಧನ್ಯವಾದ. ನಿದ್ದೆ ಚೆನ್ನಾಗಿದೆ, ಊಟ ಅಗತ್ಯಕ್ಕಿಂತ ಚೆನ್ನಾಗಿದೆ. ಬೇಡವಾಗಿರುವುದು ಕೋಡ್ ಒಂದೇ.

@ಲಘುಗುರು, ನಿನ್ನೆ ರಾತ್ರಿ ಕುಳಿತೆ. ಫ್ರೇಮ್‌ವರ್ಕ್ ಇಲ್ಲ, ಒಂದೇ ಕಡತ. ನಾನು ಬರೆದ ನಿಯಮ ಇದು: ಪದವನ್ನು ಎಡದಿಂದ ಓದುತ್ತಾ ಹೋಗಬೇಕು. ಸ್ವರವೋ ವ್ಯಂಜನವೋ ಸಿಕ್ಕಿದರೆ ಹೊಸ ಅಕ್ಷರ ಶುರು. ಆದರೆ ಅದರ ಹಿಂದಿನ ಸಂಕೇತ ವಿರಾಮವಾಗಿದ್ದರೆ, ಅಂದರೆ "ಕ"ವನ್ನು "ಕ್" ಮಾಡುವ ಅರ್ಧಾಕ್ಷರದ ಗುರುತಾಗಿದ್ದರೆ, ಇದು ಒತ್ತು, ಹಿಂದಿನದಕ್ಕೇ ಅಂಟಬೇಕು. ಗುಣಿತ ಚಿಹ್ನೆ, ಅನುಸ್ವಾರ, ವಿಸರ್ಗ ಏನೇ ಬಂದರೂ ಹಿಂದಿನದಕ್ಕೇ. ಇಷ್ಟೇ. "ವಿಕಟಕವಿ" ಹೌದು ಎಂದಿತು, "ಸಮಾಸ" ಹೌದು ಎಂದಿತು, "ಕರ್ನಾಟಕ" ತಿರುಗಿ "ಕಟರ್ನಾಕ" ಆಯಿತು. ಕುರ್ಚಿಯಿಂದ ಎದ್ದು ಮನೆಯವರನ್ನು ಕರೆದು ತೋರಿಸಿದೆ. "ಇದಕ್ಕೆ ಇಷ್ಟು ಹೊತ್ತೇ?" ಎಂದರು.

ಆಮೇಲೆ "ಸಾಫ್ಟ್‌ವೇರ್" ಎಂದು ಕೊಟ್ಟೆ. ಎರಡು ಕಡೆಯಿಂದ ನಕಲಿಸಿ ಅಂಟಿಸಿದರೆ ಎರಡು ಬೇರೆ ಉತ್ತರ ಬಂತು. ಒಂದರಲ್ಲಿ "ವೇ" ಪ್ರತ್ಯೇಕ ಅಕ್ಷರ, ಇನ್ನೊಂದರಲ್ಲಿ ಒತ್ತು. ಇದೇನು?

ಲಘುಗುರು

ಅದು ಶೂನ್ಯ ಅಗಲದ ಒಂದು ಸಂಕೇತ. ಕಣ್ಣಿಗೆ ಕಾಣುವುದಿಲ್ಲ. ವಿರಾಮದ ನಂತರ ಅದನ್ನಿಟ್ಟರೆ ಮುಂದಿನ ವ್ಯಂಜನ ಒತ್ತಾಗದೆ ಪೂರ್ಣಾಕ್ಷರವಾಗಿ ನಿಲ್ಲುತ್ತದೆ. "ರಾಜ್‌ಕುಮಾರ್" ಎಂದು ಬರೆಯುವಾಗ ಅದನ್ನು ಹಾಕದಿದ್ದರೆ "ಜ್ಕು" ಎಂಬ ವಿಚಿತ್ರ ಒತ್ತಕ್ಷರ ಮೂಡುತ್ತದೆ. ಸಂತೋಷದ ಸಂಗತಿ ಎಂದರೆ ನಿಮ್ಮ ನಿಯಮವನ್ನು ಬದಲಿಸಬೇಕಾಗಿಲ್ಲ. ವ್ಯಂಜನದ ಹಿಂದಿನ ಸಂಕೇತ ಈಗ ವಿರಾಮವಲ್ಲ, ಈ ಶೂನ್ಯ ಸಂಕೇತ. ಹಾಗಾಗಿ ಹೊಸ ಅಕ್ಷರ ತಾನಾಗಿಯೇ ಶುರುವಾಗುತ್ತದೆ. ಕಡತದಲ್ಲಿ ಕಣ್ಣೆದುರೇ ಇರುವ ಪದ ಹುಡುಕಿದಾಗ ಸಿಗದಿರುವುದಕ್ಕೂ ಅನೇಕ ಸಲ ಇದೇ ಕಾರಣ.

ಅಕ್ಷರ ಬಿಡಿಸಲು ಬಂತಲ್ಲ, ಮುಂದಿನ ಮೆಟ್ಟಿಲು ಪ್ರಸ್ತಾರ. ಪ್ರತಿ ಅಕ್ಷರಕ್ಕೂ ಲಘುವೋ ಗುರುವೋ ಎಂದು ಗುರುತು ಹಾಕುವುದು. ಹೈಸ್ಕೂಲಿನಲ್ಲಿ ಕಲಿತದ್ದೇ: ದೀರ್ಘಸ್ವರವಿದ್ದರೆ ಗುರು, ಐ ಔ ಗುರು, ಅನುಸ್ವಾರ ವಿಸರ್ಗವಿದ್ದರೆ ಗುರು, ಒತ್ತಕ್ಷರದ ಹಿಂದಿನದು ಗುರು, ವ್ಯಂಜನದಲ್ಲಿ ಕೊನೆಯಾದರೆ ಗುರು. ಉಳಿದದ್ದು ಲಘು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. "ಕನ್ನಡ" ನಾಲ್ಕು ಮಾತ್ರೆ, "ಕರ್ನಾಟಕ" ಆರು.

ಅದಾದ ಮೇಲೆ ಕುಮಾರವ್ಯಾಸನ ಯಾವುದಾದರೂ ಒಂದು ಪದ್ಯ ಕೊಡಿ. ಭಾಮಿನೀ ಷಟ್ಪದಿಯಲ್ಲಿ 1, 2, 4, 5ನೇ ಸಾಲುಗಳಿಗೆ 14 ಮಾತ್ರೆ; 3 ಮತ್ತು 6ನೇ ಸಾಲಿಗೆ 23. ಒಟ್ಟು 102. ಲೆಕ್ಕ ಕೂಡಿ ಬರದಿದ್ದರೆ ತಪ್ಪು ನಿಮ್ಮ ಕೋಡಿನದೇ. ಕುಮಾರವ್ಯಾಸನ ಮೇಲೆ ದೋಷಾರೋಪ ಹೊರಿಸುವ ಮುನ್ನ ಸಾಲಿನ ಕೊನೆ ನೋಡಿ. ಷಟ್ಪದಿಯಲ್ಲಿ ಪದ ಒಂದು ಸಾಲಿನಲ್ಲಿ ಶುರುವಾಗಿ ಮುಂದಿನ ಸಾಲಿನಲ್ಲಿ ಮುಗಿಯುವುದು ಸಾಮಾನ್ಯ. ಮುಂದಿನ ಸಾಲು ಒತ್ತಕ್ಷರದಿಂದ ಶುರುವಾದರೆ ಹಿಂದಿನ ಸಾಲಿನ ಕೊನೆಯ ಅಕ್ಷರ ಗುರುವಾಗಬಹುದು. 3 ಮತ್ತು 6ನೇ ಸಾಲಿನ ಕೊನೆಗೆ ಲಘು ಬಂದರೂ ಅದನ್ನು ಗುರುವೆಂದೇ ಎಣಿಸುವುದು ರೂಢಿ. ಹಳಗನ್ನಡಕ್ಕೆ ಹೋದರೆ ಶಿಥಿಲದ್ವಿತ್ವ ಬೇರೆ ಇದೆ, ಒತ್ತಕ್ಷರವಿದ್ದೂ ಹಿಂದಿನದು ಲಘುವಾಗಿಯೇ ಉಳಿಯುವ ಸಂದರ್ಭ. ಅಲ್ಲಿ ನಿಯಮ ಮಾತ್ರ ಸಾಲದು, ಪದ್ಯವನ್ನು ಓದಿಯೇ ನಿರ್ಧರಿಸಬೇಕು. ನನ್ನ ಪ್ರೋಗ್ರಾಮ್ ಅಂಥಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ನನಗೇ ಬಿಡುತ್ತದೆ.

ನಾಲೆಯ_ನೀರು

ನಾನು ಐಟಿಯವನಲ್ಲ. ಮಂಡ್ಯದ ಬಳಿ ಕಬ್ಬು, ಭತ್ತ. ಬಿ.ಎಸ್‌ಸಿ. ಓದುವಾಗ ಸ್ವಲ್ಪ ಪ್ರೋಗ್ರಾಮಿಂಗ್ ಕಲಿತು ಬಿಟ್ಟಿದ್ದೆ. ಮತ್ತೆ ಹಿಡಿದದ್ದು ಕೆಆರ್‌ಎಸ್ ನೀರಿನ ಮಟ್ಟದಿಂದ. ಪತ್ರಿಕೆಯಲ್ಲಿ ದಿನವೂ ಬರುತ್ತದೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅದನ್ನು ಕೈಯಾರೆ ಒಂದು ಕಡತಕ್ಕೆ ಬರೆದು ಗೆರೆಚಿತ್ರ ಬರುವ ಹಾಗೆ ಮಾಡಿಕೊಂಡೆ.

ಆಮೇಲೆ ಒಂದು ಯೋಚನೆ ಬಂತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಭಾಗಿಸಿದರೆ, ದಿನವಿಡೀ ಸುಮಾರು 11,574 ಕ್ಯೂಸೆಕ್ ಬಂದರೆ ಒಂದು ಟಿಎಂಸಿ ಸೇರುತ್ತದೆ. ಒಳಹರಿವಿನಲ್ಲಿ ಹೊರಹರಿವು ಕಳೆದು ಪ್ರೋಗ್ರಾಮ್‌ನಿಂದ ನಾಳೆಯ ಸಂಗ್ರಹವನ್ನು ಹೇಳಿಸುತ್ತೇನೆ, ಮರುದಿನದ ಪತ್ರಿಕೆಯೊಂದಿಗೆ ಹೋಲಿಸುತ್ತೇನೆ. ಬೇಸಿಗೆಯಲ್ಲಿ ಎರಡಕ್ಕೂ ತಾಳೆಯಾಗುವುದಿಲ್ಲ, ನೀರು ಆವಿಯಾಗುವುದು ನನ್ನ ಲೆಕ್ಕದಲ್ಲಿಲ್ಲ. ಪೂರ್ಣ ತುಂಬಿದರೆ 49.45 ಟಿಎಂಸಿ. ಜುಲೈನಲ್ಲಿ ಕೊಡಗಿನಲ್ಲಿ ಮಳೆ ಹಿಡಿದರೆ ನನ್ನ ಗೆರೆ ಗೋಡೆ ಹತ್ತಿದಂತೆ ಏರುತ್ತದೆ. ನಾಲೆಗೆ ನೀರು ಬಿಡುವ ದಿನವನ್ನು ಊಹಿಸಲು ಊರಿನವರು ಈಗ ನನ್ನನ್ನು ಕೇಳುತ್ತಾರೆ, ಅದೊಂದು ಕಿರಿಕಿರಿ.

ಮೇಲ್ಮಹಡಿ

ಇಷ್ಟು ಒಳ್ಳೆಯ ಕೆಲಸಗಳನ್ನು ಇಲ್ಲಿ ಬರೆದು ಮರೆಯುವ ಬದಲು ಎಲ್ಲರೂ ಗಿಟ್‌ಹಬ್‌ಗೆ ಹಾಕಿ, ವಿವರಣೆ ಬರೆಯಿರಿ, ಆ್ಯಪ್ ಮಾಡಿ. ರೆಸ್ಯೂಮೆಗೂ ಸೇರುತ್ತದೆ. ಪೈಥಾನ್ ಕೂಡ ಶುರುವಾದದ್ದು 1989ರ ಕ್ರಿಸ್‌ಮಸ್ ಸಮಯದಲ್ಲಿ ಗೈಡೋ ವಾನ್ ರಾಸಮ್ ಹವ್ಯಾಸಕ್ಕೆ ಕೈಗೆತ್ತಿಕೊಂಡ ಕೆಲಸವಾಗಿಯೇ. 1991ರಲ್ಲಿ ಲಿನಕ್ಸ್ ಕೂಡ ಹಾಗೆಯೇ.

ಸಂದುಚುಕ್ಕಿ

ಈ ಎರಡರ ಹೆಸರು ಹೇಳಿಯೇ ನಮ್ಮ ಹವ್ಯಾಸಗಳನ್ನೆಲ್ಲ ಎರಡನೇ ಉದ್ಯೋಗವಾಗಿ ಮಾಡಿಬಿಟ್ಟರು. ನನ್ನ ರಂಗೋಲಿಗೆ ಬಳಕೆದಾರರು ಬೇಡ. ಬಳಕೆದಾರರು ಬಂದರೆ ದೂರು ಬರುತ್ತದೆ, ದೂರು ಬಂದರೆ ಟಿಕೆಟ್ ಬರುತ್ತದೆ.

ನಾಲೆಯ_ನೀರು

ನನಗಂತೂ ದೂರು ಈಗಾಗಲೇ ಬರುತ್ತಿದೆ.

ಒಗ್ಗರಣೆ_ಬೇಡ

ಮೊದಲು ಹೇಳಿದ ಮಾತಿಗೆ ಒಂದು ತಿದ್ದುಪಡಿ. ಕಪ್ರೇಕರ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಭಾಮಿನಿಯ ಪ್ರಸ್ತಾರವನ್ನು ಚಾಟ್‌ಬಾಟ್‌ಗೆ ಕೊಟ್ಟು ನೋಡಿದೆ. ಕೋಡ್ ಅಂದವಾಗಿ ಬಂತು, ಸಾಲಿನ ಕೊನೆಯ ಒತ್ತಕ್ಷರದ ವಿಷಯವನ್ನು ಮಾತ್ರ ಗಮನಿಸಿರಲಿಲ್ಲ. ಅದು ತಪ್ಪು ಎಂದು ಹೇಳಲು ನಾನು ಪದ್ಯವನ್ನು ಜೋರಾಗಿ ಓದಬೇಕಾಯಿತು. ಶಾಲೆ ಬಿಟ್ಟ ಮೇಲೆ ಓದಿರಲಿಲ್ಲ. ಯಂತ್ರದಿಂದ ಬರೆಸಿದರೂ ನಿರ್ಣಾಯಕ ನಾನೇ ಆಗಿದ್ದೆ ಎನ್ನುವುದು ಕಚೇರಿಯ ಪರಿಶೀಲನೆಗಿಂತ ಬೇರೆ ತರಹ ಇತ್ತು. ಅಲ್ಲಿ ಸರಿಯಾಗಿದೆಯೇ ಎಂದು ನೋಡುವಾಗ ಸರಿ ಎಂದರೇನು ಎನ್ನುವುದೇ ನನಗೆ ಗೊತ್ತಿರುವುದಿಲ್ಲ.

ಬಸವಳಿದ_ಕೀಲಿಮಣೆ

ಪ್ರಸ್ತಾರಕ್ಕೆ ಇನ್ನೂ ಹೋಗಿಲ್ಲ, ದಾರಿಯಲ್ಲಿ ಬೇರೊಂದರಲ್ಲಿ ಸಿಕ್ಕಿಕೊಂಡೆ. ಅಮ್ಮನ ಅಡುಗೆ ಪುಸ್ತಕದ ಸಾಮಗ್ರಿಗಳನ್ನು ಅಕಾರಾದಿಯಾಗಿ ಜೋಡಿಸುತ್ತಿದ್ದೆ. ಪೈಥಾನ್ "ಬಳ್ಳೊಳ್ಳಿ"ಯನ್ನು "ಬಸಳೆ"ಗಿಂತ ಮೊದಲು ಇಡುತ್ತದೆ. ನಿಘಂಟಿನಲ್ಲಿ "ಬಸಳೆ" ಮೊದಲು. ನನ್ನ ಕೋಡಿನಲ್ಲಿ ಏನೂ ಇಲ್ಲ, ವಿಂಗಡಿಸು ಎಂದಷ್ಟೇ ಬರೆದಿದ್ದೇನೆ.

ಲಘುಗುರು

ಯೂನಿಕೋಡ್ ಪಟ್ಟಿಯಲ್ಲಿ "ಳ" ಇರುವುದು "ಲ"ದ ಪಕ್ಕದಲ್ಲಿ, "ವ"ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು "ಹ"ದ ನಂತರ, ಕಟ್ಟಕಡೆಗೆ. ಪೈಥಾನ್ ಪಟ್ಟಿಯ ಸಂಖ್ಯೆಯನ್ನು ಮಾತ್ರ ನೋಡುತ್ತದೆ. ವರ್ಣಮಾಲೆಯನ್ನು ನಿಮ್ಮ ಕ್ರಮದಲ್ಲಿ ಒಂದು ಸಾಲಾಗಿ ಬರೆದಿಟ್ಟುಕೊಂಡು, ಪ್ರತಿ ಸಂಕೇತಕ್ಕೂ ಅದರಲ್ಲಿನ ಸ್ಥಾನವನ್ನು ಕೀಲಿಯಾಗಿ ಕೊಟ್ಟು ವಿಂಗಡಿಸಿ. ಗುಣಿತ ಚಿಹ್ನೆಗಳನ್ನು ಮರೆಯಬೇಡಿ, ಅವುಗಳಿಗೂ ಸ್ಥಾನ ಬೇಕು. ಅನುಸ್ವಾರವನ್ನು ವ್ಯಂಜನಗಳಿಗಿಂತ ಮೊದಲು ಇಡಿ, "ಅಂಜೂರ" ಬಂದ ಮೇಲೆ "ಅಕ್ಕಿ" ಬರಬೇಕು.

ಬಸವಳಿದ_ಕೀಲಿಮಣೆ

ಆಯಿತು, ಸರಿಹೋಯಿತು. ಇನ್ನೊಂದು ಪ್ರಶ್ನೆ: ಪುಸ್ತಕದ ಪುಟಸಂಖ್ಯೆಗಳು ಕನ್ನಡ ಅಂಕಿಯಲ್ಲಿವೆ. ಅವುಗಳನ್ನು ಸಂಖ್ಯೆಯಾಗಿ ಬದಲಿಸಲು ಹತ್ತು ಅಂಕಿಗಳ ಕೋಷ್ಟಕ ಬರೆಯಬೇಕೇ?

ಹಳೇ_ಟರ್ಬೋ

ಬೇಡ. ಪೈಥಾನ್‌ನ ಪೂರ್ಣಾಂಕ ಪರಿವರ್ತನೆಗೆ "೧೨೩" ಎಂದು ನೇರವಾಗಿ ಕೊಟ್ಟು ನೋಡಿ, 123 ಬರುತ್ತದೆ. ಕೋಷ್ಟಕ ಬರೆಯುವ ಖುಷಿ ಬೇಕಿದ್ದರೆ ವಾಪಸು ಕನ್ನಡ ಅಂಕಿಗೆ ತರುವುದನ್ನು ಬರೆಯಿರಿ, ಅದು ತಾನಾಗಿ ಆಗುವುದಿಲ್ಲ.